ಎರಡು ಚುಕ್ಕೆ ವೆಲ್ಡಿಂಗ್: ಮನಾಲಿಯಿಂದ ಲೇಹ್‌ಗೆ ಏಳು ದಿನ

ಮೊದಲ ದಿನ: ಮನಾಲಿ – ಜಿಸ್ಪಾ

ಗಾಡಿ ಹಳೇ ಟಾಟಾ 407. ಹಿಂದಿನ ಡಬ್ಬವನ್ನೇ ಮನೆ ಮಾಡಿಕೊಂಡಿದ್ದೆ. ಎರಡು ಮಂಚ, ಒಂದು ಒಲೆ, ನೂರು ಲೀಟರಿನ ನೀರಿನ ಟ್ಯಾಂಕು. ಮರದ ಕೆಲಸ ಬಡಗಿಯದು, ಕಬ್ಬಿಣದ ಕೆಲಸವೆಲ್ಲ ನನ್ನದು. ಸಣ್ಣದೊಂದು ಇನ್ವರ್ಟರ್ ವೆಲ್ಡಿಂಗ್ ಮಷಿನ್ ಕೊಂಡು, ಮೊಬೈಲಿನಲ್ಲಿ ವಿಡಿಯೊ ನೋಡಿ ಕಲಿತಿದ್ದೆ. ಒಲೆಯ ಸ್ಟ್ಯಾಂಡು, ಹತ್ತುವ ಮೆಟ್ಟಿಲು, ಪರದೆಯ ಸರಳು ಎಲ್ಲ ಮುಗಿದ ಮೇಲೂ ಕೈ ಸುಮ್ಮನಿರಲಿಲ್ಲ. ಗಾಡಿಯ ಅಡಿಗೆ ತೂರಿಕೊಂಡೆ. ಅಲ್ಲಿಗೆ ತೂರಿಕೊಳ್ಳದಿದ್ದರೆ ಈ ಬರಹ ಮೂರು ದಿನಕ್ಕೇ ಮುಗಿಯುತ್ತಿತ್ತು.

ಜೊತೆಗೆ ಭಾವ, ಅಂದರೆ ಅಕ್ಕನ ಗಂಡ. ಅವರಿಗೆ ಲೆಕ್ಕ ಬರೆಯುವ ಚಟ. ಕೈಯಲ್ಲೊಂದು ಉದ್ದನೆಯ ನೋಟ್‌ಬುಕ್ಕು. ಕಿಲೋಮೀಟರು, ಡೀಸೆಲ್ಲು, ಎಷ್ಟು ಗಂಟೆಗೆ ಎಲ್ಲಿದ್ದೆವು ಎಲ್ಲಕ್ಕೂ ಗೆರೆ ಎಳೆದು ಮನೆ ಮಾಡಿಟ್ಟಿದ್ದರು. ಕೊನೆಯ ಮನೆಯ ತಲೆಯ ಮೇಲೆ ‘ತೊಂದರೆ, ಕಾರಣ’ ಅಂತ ಬರೆದದ್ದು ನೋಡಿ ನನಗೆ ನಗು ಬಂದಿತ್ತು.

ಮನಾಲಿ ಬಿಟ್ಟಾಗ ಸಣ್ಣಗೆ ಮಳೆ. ಜೂನ್ ಕೊನೆಯ ವಾರ, ದೇವದಾರು ಮರಗಳ ನಡುವೆ ಮೋಡ ಸಿಕ್ಕಿಹಾಕಿಕೊಂಡಿತ್ತು. ಮೊದಲೆಲ್ಲ ರೋಹ್ತಾಂಗ್ ಹತ್ತಿ ಇಳಿಯುವುದರಲ್ಲೇ ಅರ್ಧ ದಿನ ಹೋಗುತ್ತಿತ್ತಂತೆ. 2020ರ ಅಕ್ಟೋಬರಿನಲ್ಲಿ ಅಟಲ್ ಸುರಂಗ ತೆರೆದ ಮೇಲೆ 46 ಕಿ.ಮೀ. ಉಳಿತಾಯ. ಸುರಂಗದ ಉದ್ದ 9.02 ಕಿ.ಮೀ. ಈ ಕಡೆ ವೈಪರ್ ಹಾಕಿಕೊಂಡು ಒಳಗೆ ಹೋದವರು ಆ ಕಡೆ ಸಿಸ್ಸುವಿನ ಹತ್ತಿರ ಕಣ್ಣು ಕುಕ್ಕುವ ಬಿಸಿಲಿಗೆ ಬಿದ್ದೆವು. ಮಳೆಗಾಲ ಬೆಟ್ಟದ ಆಚೆಗೇ ಉಳಿದಿತ್ತು. ಲಾಹೌಲ್‌ನಲ್ಲಿ ಹೊಲ ಬಿಟ್ಟರೆ ಎಲ್ಲ ಕಂದು.

ಟಾಂಡಿಯಲ್ಲಿ ಚಂದ್ರಾ ಮತ್ತು ಭಾಗಾ ನದಿಗಳು ಕೂಡುತ್ತವೆ, ಕೂಡಿದ ನೀರೇ ಮುಂದೆ ಚೆನಾಬ್. ಅಲ್ಲಿನ ಬಂಕ್ ಎದುರು ‘ಮುಂದಿನ ಬಂಕ್ 365 ಕಿ.ಮೀ.’ ಎನ್ನುವ ಪ್ರಸಿದ್ಧ ಫಲಕ. ಎಲ್ಲರೂ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಾವು ಫೋಟೊದ ಜೊತೆಗೆ ಎರಡು ಕ್ಯಾನ್ ಡೀಸೆಲ್ ತುಂಬಿಸಿಕೊಂಡೆವು. ಟ್ಯಾಂಕು ತುಂಬಿದ್ದರೂ ಕ್ಯಾನ್ ಇರಲಿ. ಏರಿನಲ್ಲಿ ಮೊದಲ ಗೇರಿನಲ್ಲೇ ತೆವಳುವ ಗಾಡಿಗೆ ಬಯಲಿನ ಲೆಕ್ಕ ಹೊಂದುವುದಿಲ್ಲ.

ಹೊಂಡಕ್ಕೆ ಇಳಿದಾಗಲೆಲ್ಲ ಹಿಂದಿನಿಂದ ‘ಕಿರ್ರ್’ ಅಂತ ಒಂದು ಸಣ್ಣ ಸದ್ದು ಬರುತ್ತಿತ್ತು. ಪಾತ್ರೆ ಇರಬೇಕು ಎಂದೆ. ಭಾವ ಬರೆದುಕೊಂಡರು.

ಎರಡನೆಯ ದಿನ: ಜಿಸ್ಪಾ

ಇಡೀ ದಿನ ಏನೂ ಮಾಡಲಿಲ್ಲ. ಮಾಡಬಾರದು ಕೂಡ. ಜಿಸ್ಪಾ 3,200 ಮೀಟರ್ ಎತ್ತರದಲ್ಲಿದೆ, ಮುಂದಿನ ದಾರಿ ಬಹುಪಾಲು 4,000 ದಾಟುತ್ತದೆ. ಮನಾಲಿಯಿಂದ ನೇರ ಹೋಗಿ ಸರ್ಚುವಿನಲ್ಲಿ ಮಲಗುವವರು ರಾತ್ರಿಯಿಡೀ ತಲೆ ಹಿಡಿದುಕೊಂಡು ಕೂರುತ್ತಾರೆ. ಇಲ್ಲೊಂದು ದಿನ ಕಳೆದು ಮೈಯನ್ನು ಒಗ್ಗಿಸಿಕೊಳ್ಳುವುದು ಒಳ್ಳೆಯದು. ಭಾಗಾ ನದಿಯ ದಂಡೆಯಲ್ಲಿ ಕಲ್ಲಿನ ಮೇಲೆ ಕೂತು ಬೆಳ್ಳುಳ್ಳಿ ಸೂಪು ಕುಡಿದೆವು. ಹೊತ್ತು ಏರಿದಂತೆ ನದಿಯ ಬಣ್ಣ ಬೂದಿಯಾಯಿತು. ಮೇಲೆ ಹಿಮ ಕರಗುತ್ತಿರುವ ಗುರುತು ಅದು.

ಮೂರನೆಯ ದಿನ: ಜಿಸ್ಪಾ – ಗಾಟಾ ಲೂಪ್ಸ್

ಬೆಳಗಿನ ಐದಕ್ಕೇ ಹೊರಟೆವು. ಈ ರಸ್ತೆಯಲ್ಲಿ ಹಳ್ಳಗಳು ರಸ್ತೆಯ ಮೇಲೆಯೇ ಹರಿಯುತ್ತವೆ. ಬೆಳಿಗ್ಗೆ ಕಣಕಾಲಿಗೆ ಬರುವ ನೀರು ಮಧ್ಯಾಹ್ನಕ್ಕೆ ಮಂಡಿ ದಾಟುತ್ತದೆ. ಜಿಂಗ್‌ಜಿಂಗ್‌ಬಾರ್ ಹತ್ತಿರದ ಹಳ್ಳವನ್ನು ಏಳು ಗಂಟೆಗೆ ಸದ್ದಿಲ್ಲದೆ ದಾಟಿದೆವು.

ಸೂರಜ್ ತಾಲ್ ಸರೋವರ ಇನ್ನೂ ಅರ್ಧ ಹೆಪ್ಪುಗಟ್ಟಿತ್ತು. ಅಲ್ಲಿಂದ ಸ್ವಲ್ಪ ಮೇಲೆ ಬಾರಾಲಾಚಾ ಲಾ, ಸುಮಾರು 4,890 ಮೀಟರ್. ಲಾ ಎಂದರೆ ಬೆಟ್ಟ ದಾಟುವ ಎತ್ತರದ ದಾರಿ. ರಸ್ತೆಯ ಎರಡೂ ಬದಿ ಹಿಮದ ಗೋಡೆ, ಗೋಡೆಯ ಮೇಲೆ ಬೈಕಿನವರು ಬೆರಳಿನಲ್ಲಿ ಬರೆದ ಹೆಸರುಗಳು. ಟರ್ಬೊ ಇಲ್ಲದ ನಮ್ಮ ಎಂಜಿನ್ನಿಗೆ ಗಾಳಿ ಸಾಲದೆ ಕರಿ ಹೊಗೆ ಕಕ್ಕುತ್ತಿತ್ತು. ಹಿಂದೆ ಬರುತ್ತಿದ್ದ ಕಾರಿನವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಇಳಿದರೆ ಸರ್ಚು. ಹಿಮಾಚಲ ಮುಗಿದು ಲಡಾಖ್ ಶುರುವಾಗುವ ಉದ್ದನೆಯ ಬಯಲು, ಪಕ್ಕದಲ್ಲಿ ತ್ಸರಾಪ್ ನದಿ ಕೊರೆದ ಕಂದರ. ಡೇರೆಯೊಂದರಲ್ಲಿ ರಾಜ್ಮಾ ಅನ್ನ ತಿಂದು ಹೊರಟಾಗ ಗಂಟೆ ಒಂದೂವರೆ. ಗಾಳಿ ಎದ್ದಿತ್ತು.

ಗಾಟಾ ಲೂಪ್ಸ್ ಎಂದರೆ ಒಂದೇ ಗುಡ್ಡದ ಮೈಮೇಲೆ ಇಪ್ಪತ್ತೊಂದು ತಿರುವು. ಕೆಳಗೆ ನಿಂತು ನೋಡಿದರೆ ಯಾರೋ ರಿಬ್ಬನ್ ಮಡಿಸಿಟ್ಟ ಹಾಗೆ. ತಿರುವು ತಿರುವಿಗೂ ಅಡ್ಡದಾರಿ ಮಾಡಿಕೊಂಡು ನೆಟ್ಟಗೆ ಇಳಿಯುವ ಚಕ್ರದ ಗುರುತುಗಳಿವೆ. ಅವನ್ನು ನೋಡಿ ಆಸೆಪಡಬೇಡಿ. ಇಳಿಯುವ ಖಾಲಿ ಲಾರಿಯ ಹುಚ್ಚಾಟ ಅದು, ಹತ್ತುವ ಗಾಡಿಗಲ್ಲ. ನಾವು ಸಂಭಾವಿತರಂತೆ ಒಂದೊಂದೇ ತಿರುವು ಎಣಿಸುತ್ತ ಹೋದೆವು. ಭಾವ ಹನ್ನೊಂದು ಅಂದರು. ನಾನು ಸ್ಟಿಯರಿಂಗ್ ಪೂರ್ತಿ ಮುರಿದೆ. ಹಿಂದಿನ ಎಡ ಚಕ್ರ ಒಂದು ಹೊಂಡಕ್ಕೆ ಇಳಿಯಿತು.

‘ಢಬ್’ ಅಂತ ಸದ್ದು. ಟೈರು ಸಿಡಿದ ಸದ್ದಲ್ಲ ಅದು. ಹಳೇ ಮನೆಯ ತೊಲೆ ಕುಸಿದರೆ ಬರುವ ಸದ್ದು. ಗಾಡಿಯ ಎಡಗಡೆಯ ಹಿಂಭಾಗ ಕೂತುಬಿಟ್ಟಿತು. ಡಬ್ಬದೊಳಗೆ ಪಾತ್ರೆಗಳೆಲ್ಲ ಒಟ್ಟಿಗೆ ಎಡಕ್ಕೆ ಜಾರಿದವು. ಎರಡಡಿ ಮುಂದೆ ಹೋಗುವಷ್ಟರಲ್ಲಿ ರಬ್ಬರ್ ಸುಟ್ಟ ವಾಸನೆ. ಇಳಿದು ಚಕ್ರಗಳಿಗೆ ಕಲ್ಲು ಕೊಟ್ಟು, ಮಕಾಡೆ ಮಲಗಿ ಅಡಿಗೆ ಇಣುಕಿದೆ.

ಕಮಾನು ಪಟ್ಟಿ, ಅಂದರೆ ಲೀಫ್ ಸ್ಪ್ರಿಂಗು, ಹಿಂದಿನ ತುದಿಯಲ್ಲಿ ಒಂದು ಶ್ಯಾಕಲ್ಲಿಗೆ, ಅಂದರೆ ಅಲ್ಲಾಡುವ ಕೊಂಡಿಗೆ, ಜೋತುಬಿದ್ದಿರುತ್ತದೆ. ಶ್ಯಾಕಲ್ಲನ್ನು ಹಿಡಿದುಕೊಳ್ಳುವುದು ಚಾಸಿಗೆ, ಅಂದರೆ ಗಾಡಿಯ ಕಬ್ಬಿಣದ ಚೌಕಟ್ಟಿಗೆ, ರಿವೆಟ್ ಹೊಡೆದ ಬ್ರ್ಯಾಕೆಟ್ಟು. ಆ ಬ್ರ್ಯಾಕೆಟ್ಟು ಚಾಸಿಯಿಂದ ಕಳಚಿ ಸ್ಪ್ರಿಂಗಿನ ಜೊತೆಗೇ ನೇತಾಡುತ್ತಿತ್ತು. ಚಾಸಿ ಇಳಿದು ಸ್ಪ್ರಿಂಗಿನ ಮೇಲೆ ಕೂತಿತ್ತು, ಟೈರು ಡಬ್ಬದ ತಳಕ್ಕೆ ಉಜ್ಜುತ್ತಿತ್ತು.

ಹೊರಡುವ ಹದಿನೈದು ದಿನ ಮೊದಲು ಅದೇ ಬ್ರ್ಯಾಕೆಟ್ಟಿನ ನಾಲ್ಕು ರಿವೆಟ್‌ಗಳಲ್ಲಿ ಎರಡು ಸಡಿಲವಾದದ್ದನ್ನು ನಾನು ನೋಡಿದ್ದೆ. ಮೆಕ್ಯಾನಿಕ್ ಹತ್ತಿರ ಹೋದರೆ ರಿವೆಟ್ ಕಿತ್ತು ಹೊಸದು ಹಾಕಬೇಕು ಎನ್ನುತ್ತಾನೆ, ಎರಡು ದಿನ ಹಿಡಿಯುತ್ತದೆ ಎಂದುಕೊಂಡು, ಬ್ರ್ಯಾಕೆಟ್ಟಿನ ಸುತ್ತ ನಾನೇ ಒಂದು ಸುತ್ತು ವೆಲ್ಡಿಂಗ್ ಎಳೆದುಬಿಟ್ಟಿದ್ದೆ. ಮೇಲೆ ಕರಿ ಪೇಂಟು. ಎಷ್ಟು ಚೆಂದ ಬಂದಿತ್ತೆಂದರೆ ಫೋಟೊ ತೆಗೆದು ನಾಲ್ಕು ಜನಕ್ಕೆ ಕಳಿಸಿದ್ದೆ.

“ಏನಾಯ್ತೋ?” ಎಂದರು ಭಾವ, ಮೇಲಿನಿಂದ.

“ರಸ್ತೆ ಭಾವ. ಹೊಂಡ ನೋಡಿದ್ರಲ್ಲ.”

ಅವರು ಗಡಿಯಾರ ನೋಡಿಕೊಂಡು ಬರೆದುಕೊಂಡರು. ಗಂಟೆ ಮೂರು ಹತ್ತು, ಕಾರಣ: ರಸ್ತೆ.

ಭಾರ ಇಳಿಸಬೇಕಿತ್ತು. ಮೊದಲು ನೆನಪಾದದ್ದು ನೀರಿನ ಟ್ಯಾಂಕು. ಅದನ್ನು ಹಿಂದಿನ ಎಡ ಮೂಲೆಗೇ ಇಟ್ಟ ಜಾಣತನವೂ ನನ್ನದೇ. ನಲ್ಲಿ ಬಿಚ್ಚಿದೆವು. ನೂರು ಲೀಟರ್ ನೀರು ಧೂಳಿನಲ್ಲಿ ದಾರಿ ಮಾಡಿಕೊಂಡು ಕೆಳಗಿನ ತಿರುವಿಗೆ ಇಳಿಯಿತು. ಈ ಲೂಪ್ಸ್‌ನಲ್ಲೇ ಒಂದು ಕಡೆ ಪುಟ್ಟ ಕಲ್ಲಿನ ಗುಡಿ ಇದೆ, ಅದರ ಸುತ್ತ ಸಾವಿರಾರು ನೀರಿನ ಬಾಟಲಿ. ಹಿಂದೆ ಯಾವುದೋ ಅಕ್ಟೋಬರಿನಲ್ಲಿ ಲಾರಿಯೊಂದು ಇಲ್ಲಿ ಕೆಟ್ಟು ನಿಂತಿತಂತೆ. ಡ್ರೈವರ್ ಸಹಾಯ ಹುಡುಕಿಕೊಂಡು ಹೋದನಂತೆ. ಹಿಮ ಬಿದ್ದು ರಸ್ತೆ ಮುಚ್ಚಿತಂತೆ, ಕಾಯಲು ಉಳಿದ ಕ್ಲೀನರ್ ಹುಡುಗ ಹಸಿವು, ನೀರಡಿಕೆ, ಚಳಿಗೆ ಸತ್ತನಂತೆ. ಈಗಲೂ ಹೋಗುವವರ ಹತ್ತಿರ ನೀರು ಕೇಳುತ್ತಾನೆ ಅಂತ ಹೇಳುತ್ತಾರೆ. ದೆವ್ವದ ಮಾತು ಹೇಗೋ ಏನೋ, ಕೆಟ್ಟು ನಿಂತ ಲಾರಿ, ಕಾಯುವ ಮನುಷ್ಯ, ಇಳಿಯುವ ಹೊತ್ತು ಈ ಮೂರಂತೂ ಅವತ್ತು ನಮ್ಮ ಕಣ್ಣ ಮುಂದೆಯೇ ಇದ್ದವು.

“ಅವನಿಗೆ ಇಷ್ಟೊಂದು ನೀರು ಯಾರೂ ಕೊಟ್ಟಿರ್ಲಿಕ್ಕಿಲ್ಲ ಬಿಡು,” ಎಂದರು ಭಾವ.

ಫೋನಿನಲ್ಲಿ ಒಂದು ಕಡ್ಡಿಯೂ ಇಲ್ಲ. ನಿಂತ ಬೈಕಿನವರೆಲ್ಲ ಬಿಸ್ಕತ್ತು ಕೊಟ್ಟು ಹೋದರು. ಸಂಜೆ ಐದೂವರೆಗೆ ಇಂಧನದ ಟ್ಯಾಂಕರುಗಳ ಸಾಲು ಮೇಲೆ ಬಂತು. ಮೂರನೆಯದು ನಮ್ಮನ್ನು ದಾಟಿ, ಮೇಲಿನ ಅಗಲ ತಿರುವಿನಲ್ಲಿ ನಿಂತಿತು. ಡ್ರೈವರ್ ಅರವತ್ತರ ಆಸುಪಾಸಿನ ಸರ್ದಾರ್‌ಜಿ, ಜೊತೆಗೆ ತೆಳ್ಳಗಿನ ಹುಡುಗ. ಹುಡುಗ ಅವರನ್ನು ಉಸ್ತಾದ್ ಎನ್ನುತ್ತಿದ್ದ, ನಾವೂ ಹಾಗೇ ಕರೆದೆವು.

ಉಸ್ತಾದರು ಅಡಿಗೆ ಹೋಗಿ, ಬ್ರ್ಯಾಕೆಟ್ಟಿನ ಅಂಚಿನಿಂದ ಬಾಳೆಕಾಯಿ ಸಿಪ್ಪೆಯಷ್ಟುದ್ದದ ವೆಲ್ಡಿಂಗ್ ತುಂಡನ್ನು ಕೈಯಲ್ಲೇ ಕಿತ್ತುಕೊಂಡು ಬಂದರು. ಅದನ್ನು ನನ್ನ ಅಂಗೈಯಲ್ಲಿಟ್ಟು ಮಗುಚಿದರು. ಮೇಲಿನ ಮೈ ನಾನು ಫೋಟೊ ತೆಗೆದ ಹಾಗೇ ಇತ್ತು, ನಾಣ್ಯಗಳನ್ನು ಒಂದರ ಮೇಲೊಂದು ಓರೆಯಾಗಿ ಜೋಡಿಸಿದಂತೆ. ಅಡಿಯ ಮೈಯಲ್ಲಿ ಚಾಸಿಯ ಗುರುತು ಅಚ್ಚೊತ್ತಿತ್ತು. ನಾನು ಗ್ರೈಂಡರಿನಲ್ಲಿ ಉಜ್ಜಿದ ಗೆರೆಗಳು, ಉಜ್ಜದೆ ಬಿಟ್ಟ ಕಡೆ ಸುಟ್ಟ ಪೇಂಟಿನ ಹುಡಿ, ಎರಡೂ ಸ್ಪಷ್ಟ. ಕರಗಿ ಒಂದಾಗಿದ್ದರೆ ಗೆರೆ ಎಲ್ಲಿರುತ್ತಿತ್ತು? ನನ್ನ ಮಷಿನ್ನಿನ ಕರೆಂಟು, ಎರಡೂವರೆ ಎಂಎಂ ರಾಡು ಆ ದಪ್ಪದ ಕಬ್ಬಿಣವನ್ನು ಬೆಚ್ಚಗೆ ಮಾಡಿದ್ದವು, ಅಷ್ಟೇ.

“ಬರ್ಫಿ ಮೇಲಿನ ಬೆಳ್ಳಿ ಹಾಳೆ,” ಎಂದರು ಉಸ್ತಾದರು ಹಿಂದಿಯಲ್ಲಿ. “ನೋಡೋಕೆ ಚೆಂದ. ಒಳಗೆ ಇಳಿಯೋದಿಲ್ಲ. ಯೆ ಕಿಸ್ನೆ ಕಿಯಾ?”

“ನಮ್ಮ ಕಡೆ ಒಬ್ಬ ವೆಲ್ಡರ್,” ಎಂದೆ.

ಭಾವ ದೂರದ ಗುಡ್ಡ ನೋಡುತ್ತ ನಿಂತಿದ್ದರು. ಆ ಫೋಟೊ ಹೋದ ನಾಲ್ಕು ಜನರಲ್ಲಿ ಅವರೂ ಒಬ್ಬರು.

ಉಸ್ತಾದರು ಮತ್ತೂ ಕೇಳಿದರು: “ಬೇರೆ ಎಲ್ಲಾದ್ರೂ ಹಾಕಿದ್ದಾನಾ ಅವನು, ಕಮಾನಿ ಹತ್ತಿರ?” ಅವರದು ಕಮಾನಿ, ನಮ್ಮದು ಕಮಾನು. ಇಲ್ಲ ಎಂದೆ. ಅದು ಸುಳ್ಳೆಂದು ಆಗ ನನಗೂ ಗೊತ್ತಿರಲಿಲ್ಲ.

ಕತ್ತಲಾಗುವ ಮುಂಚೆ ಆದದ್ದಿಷ್ಟು. ನಮ್ಮ ಜಾಕಿನ ಜೊತೆಗೆ ಅವರ ದೊಡ್ಡ ಜಾಕು ಕೊಟ್ಟು ಚಾಸಿ ಎತ್ತಿದರು. ಆಕ್ಸಲ್ಲಿಗೂ ಚಾಸಿಗೂ ನಡುವೆ ಮರದ ದಿಮ್ಮಿ ತೂರಿಸಿ ಸರಪಳಿ ಬಿಗಿದರು. ಬೋಲ್ಟಿನ ಕೆಲಸ ಬೆಳಕಿನಲ್ಲೇ ಆಗಬೇಕು ಎಂದು, ಟ್ಯಾಂಕರ್ ಅನ್ನು ಅಲ್ಲೇ ಬದಿಗೆ ಒತ್ತಿ ಅವರೂ ಮಲಗಿದರು. ಹಿಂದಿನ ಚಕ್ರದ ಆಕ್ಸಲ್ಲನ್ನು ಮುಂದಕ್ಕೆ ಹಿಂದಕ್ಕೆ ಹೋಗದಂತೆ ಹಿಡಿಯುವುದು ಸ್ಪ್ರಿಂಗಿನ ಮುಂದಿನ ಕಿವಿ, ಅಂದರೆ ತುದಿಯ ಬಳೆ. ನಮ್ಮದು ಮುರಿದದ್ದು ಹಿಂದಿನ ಕಡೆ. “ಇದೇ ಮುಂದಿನದಾಗಿದ್ರೆ ಗಾಡಿ ಓರೆಯಾಗಿ ಕಣಿವೆ ಕಡೆಗೆ ಎಳೀತಿತ್ತು,” ಎಂದು ಹೇಳಿ ನಿದ್ದೆಗೆ ಹೋದರು. ನನಗೆ ನಿದ್ದೆ ಬರಲಿಲ್ಲ. 4,400 ಮೀಟರ್ ಆಸುಪಾಸಿನ ಆ ಎತ್ತರದಲ್ಲಿ ಅರ್ಧ ಕಾರಣ ಗಾಳಿಯದ್ದು.

ನಾಲ್ಕನೆಯ ದಿನ: ಗಾಟಾ ಲೂಪ್ಸ್ – ಪಾಂಗ್

ಬೆಳಿಗ್ಗೆ ಬಾಟಲಿಯ ನೀರು ಮೇಲ್ಗಡೆ ಗಾಜಿನಂತೆ ಕಟ್ಟಿತ್ತು. ಉಸ್ತಾದರ ಪೆಟ್ಟಿಗೆಯಲ್ಲಿ ಹೈಟೆನ್ಸಿಲ್ ಬೋಲ್ಟ್ ಎರಡೇ ಇದ್ದವು, ತಲೆಯ ಮೇಲೆ 10.9 ಅಂತ ಕೆತ್ತಿದ್ದವು. ದೂರದ ದಾರಿಗೆ ಹೊರಡುವವರು ಆ ಅಂಕಿ ನೋಡಿ ಕೊಂಡು ಇಂಥ ನಾಲ್ಕಾರನ್ನು ಇಟ್ಟುಕೊಂಡಿರಬೇಕು. ಮಾಮೂಲಿ ಬೋಲ್ಟು ಈ ಜಾಗದಲ್ಲಿ ಬೆಲ್ಲದಚ್ಚು. ಉಳಿದ ರಿವೆಟ್ ಚೂರುಗಳನ್ನು ಉಳಿ ಕೊಟ್ಟು ಹೊಡೆದು ಬೀಳಿಸಿದೆವು. ನನ್ನ ವೆಲ್ಡಿಂಗಿನ ಉಳಿಕೆಗೆ ಉಳಿಯೂ ಬೇಕಾಗಲಿಲ್ಲ. ಹುಡುಗ ದುಂಡನೆ ಅರದಿಂದ ತೂತುಗಳನ್ನು ತೀಡಿ ಸರಿಮಾಡಿದ. ಎರಡು ಬೋಲ್ಟು, ಮೂಲೆಯಿಂದ ಮೂಲೆಗೆ. ಒಂದು ಕಿಡಿ ಬೆಂಕಿ ಇಲ್ಲದೆ ಕೆಲಸ ಮುಗಿಯಿತು.

“ಚಾಸಿಯ ಮೇಲ್ ಪಟ್ಟಿ, ಕೆಳ್ ಪಟ್ಟಿಗೆ ಯಾರಾದ್ರೂ ಬೆಂಕಿ ಹಿಡಿದ್ರೆ ಕೈ ಹಿಡಿದು ನಿಲ್ಸು,” ಎಂದರು ಉಸ್ತಾದರು. ಹಿಡಿಯಬೇಕಾದ ಕೈ ನನ್ನ ಕಿಸೆಯಲ್ಲೇ ಇತ್ತು. ಅಲ್ಲಿಂದ ಅವರ ಟ್ಯಾಂಕರ್ ಹಿಂದೆಯೇ ಹದಿನೈದರ ವೇಗದಲ್ಲಿ ನಕೀ ಲಾ, 5,000 ಮೀಟರ್ ದಾಟುವ ಲಾಚುಂಗ್ ಲಾ, ಎರಡನ್ನೂ ಹತ್ತಿ ಇಳಿದೆವು. ಪಾಂಗ್‌ಗೆ ಇಳಿಯುವ ಕಣಿವೆಯಲ್ಲಿ ಗಾಳಿ ಕಡೆದ ಮಣ್ಣಿನ ಕಂಬಗಳು, ಗೋಪುರಗಳು, ಕಿಟಕಿಗಳು. ಜನ ಇಳಿದಿಳಿದು ಫೋಟೊ ತೆಗೆಯುವ ಜಾಗ. ನಾನು ಇಳಿದಿಳಿದು ಬೋಲ್ಟ್ ಮುಟ್ಟಿ ನೋಡಿದೆ.

ಪಾಂಗ್‌ನಲ್ಲಿ ಮನೆಗಳಿಲ್ಲ, ಬೇಸಿಗೆಯ ಡೇರೆಗಳಿವೆ, ಸೇನೆಯ ಕ್ಯಾಂಪ್ ಇದೆ. ನಾವು ತಂಗಿದ ಡೇರೆ ನಡೆಸುವವರು ಲಡಾಖಿ ಹೆಂಗಸು, ಎಲ್ಲರೂ ‘ಅಮಾ-ಲೇ’ ಎನ್ನುತ್ತಿದ್ದರು. ‘ಜುಲೇ’ ಎಂದು ಒಳಕ್ಕೆ ಕರೆದು, ನನ್ನ ಮುಖ ನೋಡಿ ಮೊದಲು ಬಿಸಿನೀರು ಕೊಟ್ಟರು, ಆಮೇಲೆ ತುಕ್ಪಾ, ಅಂದರೆ ನೂಡಲ್ಸ್ ಸೂಪು. ಅನ್ನ ಕೇಳಿದ್ದಕ್ಕೆ ಕುಕ್ಕರ್ ತೋರಿಸಿ, ಅದಿಲ್ಲದೆ ಇಲ್ಲಿ ಅಕ್ಕಿ ಬೇಯುವುದಿಲ್ಲ ಎಂದರು. ನಿಜ. ಆ ಎತ್ತರದಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತದೆ. ಕುದಿಯುವುದೇ ಬೇರೆ, ಬೇಯುವುದೇ ಬೇರೆ. ನನ್ನ ವೆಲ್ಡಿಂಗ್ ಕೂಡ ಕುದ್ದಿತ್ತು.

ಡೇರೆಯ ಹಗ್ಗ ಕಟ್ಟಿದ ಗೂಟಗಳನ್ನು ಆಗ ಗಮನಿಸಿದೆ. ಮರದವಲ್ಲ, ಮುರಿದ ಕಮಾನು ಪಟ್ಟಿಯ ತುಂಡುಗಳು. ಒಂದು, ಎರಡು, ಮೂರು… ಹದಿನಾಲ್ಕು ಎಣಿಸಿದೆ. ಪ್ರತಿ ವರ್ಷ ಸಿಗುತ್ತವೆ ಎಂದರು ಅಮಾ-ಲೇ, ಕಟ್ಟಿಗೆ ಸಿಗುತ್ತದೆ ಎನ್ನುವ ಧಾಟಿಯಲ್ಲಿ.

ಉಳಿದೆರಡು ಬೋಲ್ಟ್ ಅಲ್ಲೇ ಇನ್ನೊಬ್ಬ ಲಾರಿಯವರ ಹತ್ತಿರ ಸಿಕ್ಕವು. ಉಸ್ತಾದರು ನಾಲ್ಕನ್ನೂ ಬಿಗಿದು, ಐವತ್ತು ಕಿಲೋಮೀಟರಿಗೊಮ್ಮೆ ಮತ್ತೆ ಬಿಗಿ ಎಂದು ಹೇಳಿ, ಚಹಾ ಕುಡಿದು ಹೊರಟುಹೋದರು.

ಐದನೆಯ ದಿನ: ಮೋರೆ ಬಯಲು

ಪಾಂಗ್ ದಾಟಿ ಒಂದು ಏರು ಹತ್ತಿದರೆ ಬೆಟ್ಟಗಳು ಥಟ್ಟನೆ ಪಕ್ಕಕ್ಕೆ ಸರಿಯುತ್ತವೆ. ಮುಂದೆ ನಲವತ್ತು ಕಿಲೋಮೀಟರ್ ಸಪಾಟು, 4,700 ಮೀಟರಿನ ಮೇಲೆ. ದೂರದಲ್ಲಿ ಕಿಯಾಂಗ್‌ಗಳು, ಅಂದರೆ ಅಲ್ಲಿನ ಕಾಡುಕತ್ತೆಗಳು, ಚುಕ್ಕೆಗಳಂತೆ ಮೇಯುತ್ತಿದ್ದವು. ನುಣ್ಣನೆಯ ಡಾಂಬರು ರಸ್ತೆ. ಮೂರು ದಿನದಲ್ಲಿ ಮೊದಲ ಸಲ ನಾಲ್ಕನೆಯ ಗೇರ್ ಹಾಕಿದೆ. ಭಾವ ಹಾಡು ಶುರು ಮಾಡಿದರು.

ಆಗ ‘ಟಣ್’ ಎಂದಿತು. ದೇವಸ್ಥಾನದ ಗಂಟೆಯಷ್ಟು ಶುದ್ಧವಾದ ಸದ್ದು. ಗಾಡಿ ಏನೂ ಕೂರಲಿಲ್ಲ, ಆದರೆ ಸ್ಟಿಯರಿಂಗ್ ಎಡಕ್ಕೆ ಸ್ವಲ್ಪ ಹಿಡಿದರೆ ಮಾತ್ರ ನೆಟ್ಟಗೆ ಹೋಗುತ್ತಿತ್ತು. ನಿಲ್ಲಿಸಿ ಹಿಂದೆ ನಿಂತು ನೋಡಿದರೆ ಇಡೀ ಗಾಡಿ ಏಡಿಯಂತೆ ಓರೆ. ಎಡ ಚಕ್ರ ನಾಲ್ಕು ಬೆರಳು ಹಿಂದಕ್ಕೆ ಹೋಗಿತ್ತು.

ಬ್ರ್ಯಾಕೆಟ್ಟಿನ ನಾಲ್ಕೂ ಬೋಲ್ಟು ಕಲ್ಲಿನಂತಿದ್ದವು. ಮುರಿದದ್ದು ಅದೇ ಸ್ಪ್ರಿಂಗಿನ ಮೊದಲ ಪಟ್ಟಿ, ಮುಖ್ಯ ಪಟ್ಟಿ. ಅದೂ ಆಕ್ಸಲ್ಲಿನ ಮುಂದೆ, ಉಸ್ತಾದರು ಹೇಳಿದ ಜಾಗದಲ್ಲೇ. ಎರಡನೆಯ ಪಟ್ಟಿಯ ತುದಿ ಮೊದಲನೆಯದರ ಕಿವಿಯನ್ನು ಮುಕ್ಕಾಲು ಸುತ್ತು ತಬ್ಬಿಕೊಂಡಿರುತ್ತದೆ, ಇಂಥ ಹೊತ್ತಿಗೆಂದೇ. ಆಕ್ಸಲ್ ಪೂರ್ತಿ ಜಾರದಂತೆ ಹಿಡಿದಿದ್ದು ಅದೊಂದೇ.

ಟಾರ್ಚ್ ಹಿಡಿದು ಹತ್ತಿರದಿಂದ ನೋಡಿದೆ. ಪಟ್ಟಿಗಳು ಅಗಲದಂತೆ ಸುತ್ತ ಒಂದು ಕ್ಲಿಪ್ಪು ಇರುತ್ತದೆ. ಊರಲ್ಲಿದ್ದಾಗ ಅದು ಸಡಿಲವಾಗಿ ‘ಕಟಕಟ’ ಎನ್ನುತ್ತಿತ್ತು. ಬ್ರ್ಯಾಕೆಟ್ಟಿನ ಕೆಲಸ ಮುಗಿಸಿ ಏಳುವ ಮುಂಚೆ, ರಾಡಿನಲ್ಲಿ ಎರಡಿಂಚು ಉಳಿದಿತ್ತು ಎಂದು, ಆ ಕ್ಲಿಪ್ಪಿಗೂ ಪಟ್ಟಿಯ ಅಂಚಿಗೂ ಸೇರಿಸಿ ಎರಡು ಚುಕ್ಕೆ ಇಟ್ಟಿದ್ದೆ. ಸದ್ದು ನಿಂತಿತ್ತು. ಅದನ್ನು ವೆಲ್ಡಿಂಗ್ ಎಂದೇ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮುರಿತ ಸರಿಯಾಗಿ ಆ ಚುಕ್ಕೆಯ ಬುಡದಿಂದ ಹೊರಟಿತ್ತು.

ಇಬ್ಬರೂ ರಸ್ತೆ ಬದಿಯಲ್ಲಿ ಕೂತೆವು. ಗಾಳಿ ಬಿಟ್ಟರೆ ಸದ್ದಿಲ್ಲ. ಭಾವ ನೋಟ್‌ಬುಕ್ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, ಸಮಯ ಬರೆದು, ಕಾರಣದ ಮನೆಗೆ ಬಂದು ನಿಂತರು.

“ಇಲ್ಲೂ ರಸ್ತೆ ಅಂತ ಬರೀಲಾ?”

ಆ ರಸ್ತೆ ಕೇರಂ ಬೋರ್ಡಿನ ಹಾಗಿತ್ತು. ನಾನು ಎಲ್ಲ ಹೇಳಿದೆ. ಬ್ರ್ಯಾಕೆಟ್ಟು, ಚುಕ್ಕೆ, ಉಸ್ತಾದರಿಗೆ ಹೇಳಿದ ಸುಳ್ಳು.

“ಫೋಟೊ ಕಳ್ಸಿದ್ದೆಯಲ್ಲೋ ನೀನೇ,” ಎಂದರು ಭಾವ. “ನೀನು ಯಾವಾಗ ಬಾಯಿ ಬಿಡ್ತೀಯ ಅಂತ ನೋಡ್ತಿದ್ದೆ.” ಹಿಂದಿನ ಪುಟಕ್ಕೆ ಹೋಗಿ ‘ರಸ್ತೆ’ ಎಂಬುದನ್ನು ಒಂದೇ ಗೆರೆಯಲ್ಲಿ ಹೊಡೆದು, ಪುಸ್ತಕವನ್ನು ನನ್ನ ಕೈಗೇ ಕೊಟ್ಟರು. ಬರೆದೆ. ಚಳಿಗೆ ಪೆನ್ನು ಓಡದೆ ಎರಡೆರಡು ಸಲ ತಿದ್ದಬೇಕಾಯಿತು.

ಈ ಸಲ ಗಾಡಿ ಓಡಿಸುವ ಮಾತೇ ಇಲ್ಲ. ಮುಂದೆ 5,328 ಮೀಟರಿನ ತಂಗ್ಲಾಂಗ್ ಲಾ. ಆಕ್ಸಲ್ಲನ್ನು ಮುಂದಿನ ಬ್ರ್ಯಾಕೆಟ್ಟಿಗೆ ಸರಪಳಿಯಲ್ಲಿ ಕಟ್ಟಿ, ಗಾಡಿಯನ್ನು ಡಾಂಬರಿನಿಂದ ಕೆಳಗಿಳಿಸಿ, ಭಾವನನ್ನು ಒಲೆ, ಅಕ್ಕಿ, ಕಂಬಳಿಯ ಜೊತೆ ಅಲ್ಲೇ ಬಿಟ್ಟೆ. ಮುರಿದ ಪಟ್ಟಿಯನ್ನು ಗೋಣಿಯಲ್ಲಿ ಸುತ್ತಿಕೊಂಡು, ತರಕಾರಿ ಇಳಿಸಿ ಬರುತ್ತಿದ್ದ ಪಿಕಪ್ ಒಂದರಲ್ಲಿ ಲೇಹ್‌ಗೆ ಹೊರಟೆ. ಹಳೆಯದನ್ನು ಜೊತೆಗೆ ಒಯ್ಯುವುದು ಒಳ್ಳೆಯದು. ಉದ್ದ, ಅಗಲ, ಬಾಗು ಬಾಯಲ್ಲಿ ಹೇಳಿದರೆ ಬೇರೆಯದೇ ಕೊಟ್ಟು ಕಳಿಸುತ್ತಾರೆ.

ಆರನೆಯ ದಿನ: ಲೇಹ್, ಮತ್ತೆ ಮೋರೆ ಬಯಲು

ಉಪ್ಶಿಯಲ್ಲಿ ಸಿಂಧೂ ನದಿ ಸಿಕ್ಕಿತು. ಹಸಿರು ಪಾಪ್ಲರ್ ಮರಗಳು ಸಿಕ್ಕವು. ಫೋನಿಗೂ ಜೀವ ಬಂತು, ಪೋಸ್ಟ್‌ಪೇಯ್ಡ್ ಆದ್ದರಿಂದ. ಹೊರಗಿನ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ. ಇದೆಲ್ಲ ಬೇರೆ ದಿನವಾಗಿದ್ದರೆ ಎರಡು ಪುಟ ಬರೆಯುತ್ತಿದ್ದೆ.

ಲೇಹ್‌ನ ಕಮಾನಿ ಮೇಸ್ತ್ರಿ ಕಾಶ್ಮೀರದವರು, ಬೇಸಿಗೆಗೆ ಮಾತ್ರ ಬಂದು ಅಂಗಡಿ ತೆರೆಯುವವರು. ಗೋಣಿ ಬಿಚ್ಚಿ ಮುರಿದ ಮೈಯನ್ನು ಬಿಸಿಲಿಗೆ ಹಿಡಿದರು. ಚುಕ್ಕೆಯ ಕೆಳಗೆ ಹೆಬ್ಬೆರಳಿನ ಉಗುರಿನಷ್ಟು ಜಾಗ ಕಪ್ಪಗೆ ಅರ್ಧಚಂದ್ರಾಕಾರ. ಅದರೊಳಗೆ ಕಪ್ಪೆಚಿಪ್ಪಿನ ಮೇಲಿರುವಂಥ ಗೆರೆಗಳು, ಒಂದರ ಹೊರಗೊಂದು. ಉಳಿದ ಭಾಗವೆಲ್ಲ ಸಕ್ಕರೆಯ ಹರಳಿನಂತೆ ಬೂದು ಬಣ್ಣದಲ್ಲಿ ಹೊಳೆಯುತ್ತಿತ್ತು. ಹೊಳೆಯುವುದು ನಿನ್ನೆ ಒಂದೇ ಏಟಿಗೆ ಮುರಿದದ್ದು. ಕಪ್ಪಗಿರುವುದು ಇಷ್ಟು ದಿನ ಒಂದೊಂದೇ ಗೆರೆ ಮುಂದೆ ಸರಿಯುತ್ತ ಬಂದದ್ದು. ಜಿಸ್ಪಾದ ದಾರಿಯಲ್ಲಿ ನಾನು ಪಾತ್ರೆ ಎಂದುಕೊಂಡ ‘ಕಿರ್ರ್’ ಇದರದ್ದೋ, ಬ್ರ್ಯಾಕೆಟ್ಟಿನದ್ದೋ.

ಮೇಸ್ತ್ರಿ ವಿವರಿಸಿದ್ದು ಕುಲುಮೆಯ ಮಾತಿನಲ್ಲಿ. ಕಮಾನಿಯ ಉಕ್ಕಿಗೆ ‘ಪಾನಿ’ ಕುಡಿಸಿರುತ್ತಾರೆ. ಕೆಂಪಗೆ ಕಾಯಿಸಿ, ಎಣ್ಣೆಗೆ ಅದ್ದಿ, ಮತ್ತೆ ಹದವಾಗಿ ಕಾಯಿಸಿ ಸ್ಪ್ರಿಂಗಿನ ಗುಣ ತಂದಿರುತ್ತಾರೆ. ಅದಕ್ಕೆ ಒಂದು ಹನಿ ವೆಲ್ಡಿಂಗ್ ಬಿದ್ದರೆ ಆ ಜಾಗ ಮಾತ್ರ ಕರಗಿ, ಸುತ್ತಲಿನ ತಣ್ಣನೆಯ ಉಕ್ಕು ಆ ಶಾಖವನ್ನು ಕ್ಷಣದಲ್ಲಿ ಹೀರಿಬಿಡುತ್ತದೆ. ಅಷ್ಟು ಜಾಗ ಗಾಜು. ಶಾಲೆಯ ಭಾಷೆಯಲ್ಲಿ ಹೇಳುವುದಾದರೆ ಈ ಉಕ್ಕಿನಲ್ಲಿ ಇಂಗಾಲ ಶೇಕಡಾ 0.5ರಷ್ಟೋ ಅದಕ್ಕಿಂತ ತುಸು ಹೆಚ್ಚೋ ಇರುತ್ತದೆ, ಹಾಗೆ ಸರ್ರನೆ ತಣಿದಾಗ ಅದು ಮಾರ್ಟೆನ್ಸೈಟ್ ಆಗುತ್ತದೆ. ಅದು ಬಲು ಗಟ್ಟಿ, ಆದರೆ ಬಾಗುವ ಬುದ್ಧಿ ಇಲ್ಲ. ಬಾಗುವುದೇ ಸ್ಪ್ರಿಂಗಿನ ಕೆಲಸ. ಬ್ರ್ಯಾಕೆಟ್ಟಿನಲ್ಲಿ ನನ್ನ ವೆಲ್ಡಿಂಗ್ ಹಿಡಿಯದೆ ಕೆಟ್ಟಿತು. ಇಲ್ಲಿ ಹಿಡಿದೇ ಕೆಡಿಸಿತು.

ಹೊಸ ಪಟ್ಟಿ ಸಿಕ್ಕಿತು. ಜೊತೆಗೆ ಸೆಂಟರ್ ಬೋಲ್ಟು, ಎರಡು ಯು-ಬೋಲ್ಟು, ಕ್ಲಿಪ್ಪಿಗೆ ರಿವೆಟ್ಟು. ಒಮ್ಮೆ ಬಿಚ್ಚಿದ ಯು-ಬೋಲ್ಟನ್ನು ಮತ್ತೆ ಹಾಕಲು ಮೇಸ್ತ್ರಿ ಒಪ್ಪಲಿಲ್ಲ. ತಮ್ಮ ಹುಡುಗನನ್ನೂ ಜೊತೆಗೆ ಕಳಿಸಿದರು. ಪಟ್ಟಿಯನ್ನು ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡು ತಂಗ್ಲಾಂಗ್ ಲಾ ಎರಡನೆಯ ಸಲ ಹತ್ತಿದೆ. ಮೇಲೆ ಸಣ್ಣ ಕಾಳಿನಂಥ ಹಿಮ ಬೀಳುತ್ತಿತ್ತು.

ನಾವು ಮುಟ್ಟುವಾಗ ಭಾವ ಗಾಡಿಯ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು, ಚಾಂಗ್‌ಪಾ ಕುರಿಗಾಹಿ ಮುದುಕರೊಬ್ಬರ ಜೊತೆ ಚಹಾ ಕುಡಿಯುತ್ತಿದ್ದರು. ಇಬ್ಬರಿಗೂ ಒಂದೇ ಒಂದು ಭಾಷೆ ಸಾಮಾನ್ಯವಿರಲಿಲ್ಲ. ಮಧ್ಯಾಹ್ನದಿಂದ ಹೀಗೇ ಮಾತಾಡುತ್ತಿದ್ದೇವೆ ಎಂದರು. ಹುಡುಗ ಮೂರು ಗಂಟೆಯಲ್ಲಿ ಪಟ್ಟಿ ಕೂರಿಸಿದ. ಹಿಡಿ ಪಾನಾಕ್ಕೆ ಪೈಪು ಸಿಕ್ಕಿಸಿ ನಾವಿಬ್ಬರೂ ಜೋತುಬಿದ್ದು ಯು-ಬೋಲ್ಟ್ ಬಿಗಿದೆವು. ಪ್ರತಿ ಎಳೆತಕ್ಕೂ ಐದು ನಿಮಿಷ ಏದುಸಿರು.

ಏಳನೆಯ ದಿನ: ಲೇಹ್

ಗಾಡಿಯನ್ನು ಮೇಸ್ತ್ರಿಯ ಅಂಗಡಿ ಮುಂದೆ ನಿಲ್ಲಿಸಿದಾಗ ಅವರು ಮೊದಲು ಮಾಡಿದ್ದು ಬಲಗಡೆಗೆ ಹೋಗಿ ಬಗ್ಗಿದ್ದು.

“ಈ ಕಡೆಗೂ ಇಟ್ಟಿದ್ದೀರಾ?”

ಇಟ್ಟಿದ್ದೆ. ಒಂದೇ ಕಡೆ ಇಟ್ಟರೆ ಸರಿ ಕಾಣುವುದಿಲ್ಲವಲ್ಲ. ಪಟ್ಟಿ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಸುಣ್ಣದ ಪುಡಿ ಉದುರಿಸಿ ಸುತ್ತಿಗೆಯಲ್ಲಿ ಕುಟ್ಟಿದರು. ಬಿಳಿಯ ಮೇಲೆ ಕೂದಲೆಳೆಯಷ್ಟು ತೆಳ್ಳಗೆ ಎಣ್ಣೆಯ ಗೆರೆ ಮೂಡಿತು, ಚುಕ್ಕೆಯಿಂದ ಒಂದಿಂಚು. ಅದನ್ನೂ ಬದಲಾಯಿಸಿದೆವು.

“ಇನ್ನೆಲ್ಲೆಲ್ಲಿ ಮಾಡಿದ್ದೀರಿ, ಎಲ್ಲ ತೋರಿಸಿ,” ಎಂದರು ಮೇಸ್ತ್ರಿ, ಟಾರ್ಚ್ ನನ್ನ ಕೈಗೆ ಕೊಟ್ಟು.

ಮೆಟ್ಟಿಲು ತೋರಿಸಿದೆ. ಹತ್ತಿ ಕುಣಿದು ನೋಡಿ ಇಳಿದರು. ಪರದೆಯ ಸರಳು ತೋರಿಸಿದೆ. ಒಲೆಯ ಸ್ಟ್ಯಾಂಡು ಹಿಡಿದು ಅಲ್ಲಾಡಿಸಿದರು, ಎರಡು ಸಲ. ಗಾಟಾ ಲೂಪ್ಸ್‌ನಲ್ಲಿ ಎಲ್ಲ ಪಾತ್ರೆ ಬಿದ್ದಾಗಲೂ ಅದು ಕದಲಿರಲಿಲ್ಲ.

“ಇದು ಪರವಾಗಿಲ್ಲ,” ಎಂದರು. “ಇದರ ಮೇಲೆ ಚಹಾ ಇಡಿ.”